ಹಬ್ಬದ ದಿನ ಡಬಲ್ ಸಂಬಳ: ಡಬಲ್ ಆಗುವುದು ಎಷ್ಟು?

ದಸರಾ ಬಂದರೆ ಮಂಗಳೂರಿನ ಕುದ್ರೋಳಿಗೆ, ಕೃಷ್ಣಮಠದ ಪರ್ಯಾಯ ಬಂದರೆ ಉಡುಪಿಗೆ ಊರಿಗೆ ಊರೇ ಹೊರಡುತ್ತದೆ. ಆ ದಿನ ಬಸ್ಸಿನವರಿಗೆ ರಜೆ ಕೊಟ್ಟರೆ ಜನ ಹೋಗುವುದು ಹೇಗೆ? ರಜೆ ಇಲ್ಲ ಅಂದಮೇಲೆ ದುಡ್ಡಾದರೂ ಜಾಸ್ತಿ ಸಿಗಬೇಕಲ್ವಾ? ಕಾನೂನು ಇದನ್ನು ಒಪ್ಪಿ ಅರುವತ್ತು ವರ್ಷ ದಾಟಿದೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತು. ವಾರದ ರಜೆಯಲ್ಲಿ ಡ್ಯೂಟಿಗೆ ಕರೆದರೆ ಎರಡು ಪಟ್ಟು ಕೂಲಿ. 1963ರಲ್ಲಿ ರಾಜ್ಯದ್ದೇ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಬಂತು. ಅಲ್ಲಿಯೂ ರಜೆಯಲ್ಲಿ ದುಡಿದರೆ ಎರಡು ಪಟ್ಟು, ಇಲ್ಲವೇ ಬೇರೊಂದು ದಿನ ಸಂಬಳಸಹಿತ ರಜೆ.

ತಕರಾರು ಇರುವುದು ಲೆಕ್ಕದಲ್ಲಿ. 1961ರ ಕಾಯ್ದೆಯ ಎರಡು ಪಟ್ಟು ಇದ್ದದ್ದು ಮೂಲ ವೇತನ ಮತ್ತು ತುಟ್ಟಿಭತ್ಯೆಗೆ ಮಾತ್ರ. ಬಾಟ (ದಿನದ ಭತ್ಯೆ), ಕಲೆಕ್ಷನ್ ಮೇಲಿನ ಕಮಿಷನ್ ಅದಕ್ಕೆ ಸೇರುತ್ತಿರಲಿಲ್ಲ. ಒಬ್ಬ ಕಂಡಕ್ಟರ್‌ಗೆ ದಿನಕ್ಕೆ 900 ರೂಪಾಯಿ ಸಿಗುತ್ತದೆ, ಅದರಲ್ಲಿ 400 ಬಾಟ ಎಂದುಕೊಳ್ಳಿ. ಡಬಲ್ ಆಗುವುದು ಉಳಿದ 500 ಅಷ್ಟೇ. ಐದಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಈ ಕಾಯ್ದೆ ಲಾಗೂ ಆಗುತ್ತಲೂ ಇರಲಿಲ್ಲ. ಒಂದೇ ಬಸ್ಸಿಟ್ಟುಕೊಂಡ ಮಾಲಕ ಸುಮ್ನೆ ತಪ್ಪಿಸಿಕೊಂಡ!

ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ. ಮೈಸೂರು 1948ರಲ್ಲಿ ಸರಕಾರಿ ಬಸ್ಸು ಶುರು ಮಾಡಿದಾಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನಲ್ಲಿತ್ತು. 1956ರಲ್ಲಿ ಈಚೆ ಬರುವ ಹೊತ್ತಿಗೆ ಇಲ್ಲಿ ಖಾಸಗಿ ಬಸ್ಸು ಬೇರು ಬಿಟ್ಟಾಗಿತ್ತು. ಇವತ್ತಿಗೂ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತರೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಅವೇ.

ಕೆಎಸ್ಸಾರ್ಟಿಸಿ ನೌಕರರಿಗೆ ಯೂನಿಯನ್ ಬಲ ಉಂಟು. ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕೆಂಬುದು ರೂಢಿ. ಆದರೆ ಮುಷ್ಕರ ಮಾಡದೆ ಅದು ಸಲೀಸಾಗಿ ಸಿಗುವುದು ಕಮ್ಮಿ. 2016ರ ಜುಲೈಯಲ್ಲಿ ಮೂರು ದಿನ ಬಸ್ಸು ನಿಂತ ಮೇಲೆ 12.5 ಶೇಕಡಾ. 2021ರ ಏಪ್ರಿಲಿನ ಎರಡು ವಾರದ ಮುಷ್ಕರದಲ್ಲಿ ಹಲವರು ಕೆಲಸವನ್ನೇ ಕಳೆದುಕೊಂಡರು. 2023ರ ಮಾರ್ಚಿನಲ್ಲಿ 15 ಶೇಕಡಾ ಏರಿತು, ಹಿಂದಿನ 38 ತಿಂಗಳ ಬಾಕಿ ಉಳಿಯಿತು. ಅದಕ್ಕಾಗಿ 2025ರ ಆಗಸ್ಟ್ 5ರಂದು ಮತ್ತೆ ಮುಷ್ಕರ. ಹೈಕೋರ್ಟ್ ಹೇಳಿದ ಮೇಲೆ ನಿಂತಿತು. ಮೂಲ ವೇತನ ಹಳೆಯದಾದರೆ ರಜೆಯ ದಿನದ ಡಬಲ್ಲೂ ಹಳೆಯದೇ. ಇನ್ನೊಂದು ಪೇಚು: ಡಿಪೊದಲ್ಲಿ ಸರಕಾರಿ ಬಸ್ಸು ನಿಂತರೂ ಮಂಗಳೂರು–ಉಡುಪಿ ಮಧ್ಯೆ ಖಾಸಗಿ ಬಸ್ಸು ಓಡುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಮುಟ್ಟುವ ಬಿಸಿ ಇಲ್ಲಿ ಮುಟ್ಟುವುದಿಲ್ಲ.

2025ರ ನವೆಂಬರ್ 21ರಿಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1961ರ ಕಾಯ್ದೆ ಅವುಗಳಲ್ಲಿ ಕರಗಿತು. ಈಗ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗ ಕೂಲಿಯ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಕಂಡಕ್ಟರ್‌ಗೆ ಇದರಿಂದ ಏನೂ ಬದಲಾಗದು, 900ರಲ್ಲಿ 400 ಅರ್ಧಕ್ಕಿಂತ ಕಮ್ಮಿಯೇ. ಬಾಟ 600ಕ್ಕೆ ಏರಿ ಒಟ್ಟು 1,100 ಆದರೂ, ಅದರ ಅರ್ಧ 550 ಮೀರಿ ಸೇರುವುದು 50 ರೂಪಾಯಿ. ಹಾಗಾಗಿ ಮಾಲಕರ ಮುಂದೆ ಕೂರುವ ಯೂನಿಯನ್ನಿನವರು ಬಾಟ ಏರಿಸಿ ಅನ್ನುವುದನ್ನು ಬಿಟ್ಟು, ಆ ದುಡ್ಡನ್ನು ಮೂಲ ವೇತನಕ್ಕೇ ಸೇರಿಸಿ ಎಂದು ಹಟ ಹಿಡಿಯುವುದು ಒಳ್ಳೆಯದು.