ಮೇಲ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೇ?

ದಾವಣಗೆರೆ ಕಾಟನ್ ಮಿಲ್ಲುಗಳ ಊರಾಗಿದ್ದಾಗ ಯಂತ್ರ ಕೆಟ್ಟರೆ ಪಕ್ಕದಲ್ಲಿ ನಿಂತವನಿಗೇ ಮೊದಲು ಗೊತ್ತಾಗುತ್ತಿತ್ತು. ಈಗ ನೀರಿನ ಟ್ಯಾಂಕಿನ ಬುಡದಲ್ಲಿ, ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ, ಅತ್ತ ಚಿತ್ರದುರ್ಗದ ಜೋಗಿಮಟ್ಟಿಯಂಥ ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಹಾಗೆ ನಿಲ್ಲುವವರಿಲ್ಲ. ಪ್ಯಾನೆಲ್ ಒಳಗಿನ ಕಂಟ್ರೋಲ್ ಸರ್ವರ್ (ಸೆನ್ಸರುಗಳ ಅಳತೆ ಓದುತ್ತಾ ಕಾವಲು ಕಾಯುವ ಕಂಪ್ಯೂಟರ್) ನೋಡಿಕೊಳ್ಳುತ್ತದೆ, ತೊಂದರೆಯಾದರೆ ಮೇಲ್ ಕಳಿಸುತ್ತದೆ ಅನ್ನುವುದು ನಂಬಿಕೆ. ಈ ನಂಬಿಕೆ ಎಲ್ಲೆಲ್ಲಿ ಕೈಕೊಟ್ಟಿದೆ ಎಂಬುದಕ್ಕೆ ಉದ್ದದ ಚರಿತ್ರೆಯೇ ಇದೆ.

ಹಳೆಯ ಪ್ಯಾನೆಲ್‌ಗಳಲ್ಲಿ ಒಂದು ಅಲಾರಂ ಅಂದರೆ ಒಂದು ದೀಪ, ಒಂದು ವೈರು, ಜೊತೆಗೊಂದು ಬಜರ್. ಪ್ರತಿಯೊಂದಕ್ಕೂ ದುಡ್ಡು ಬೀಳುತ್ತಿದ್ದರಿಂದ ಅಗತ್ಯವಾದಷ್ಟೇ ಇರುತ್ತಿದ್ದವು. 1970ರ ದಶಕದಲ್ಲಿ ಕಂಪ್ಯೂಟರ್ ಆಧಾರಿತ ನಿಯಂತ್ರಣ ಬಂದ ಮೇಲೆ ಅಲಾರಂ ಎಂಬುದು ಬರೀ ಟೈಪ್ ಮಾಡಿದ ಒಂದು ಸಾಲಾಯಿತು. ಖರ್ಚಿಲ್ಲ ಅಂದಮೇಲೆ ಎಲ್ಲದಕ್ಕೂ ಒಂದೊಂದು ಇಟ್ಟರು.

ಅಲಾರಂ ಅತಿಯಾದರೆ ಏನಾಗುತ್ತದೆ ಎಂಬುದು 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಕಾಣಿಸಿತು. ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಅಲಾರಂ. ಅವನ್ನು ದಾಖಲಿಸುವ ಪ್ರಿಂಟರ್ ಒಂದು ಹಂತದಲ್ಲಿ ಎರಡು ಗಂಟೆಗೂ ಹೆಚ್ಚು ಹಿಂದೆ ಬಿದ್ದಿತ್ತು. ಲಾಗ್, ಅಂದರೆ ಘಟನೆಗಳ ದಾಖಲೆ, ಇತ್ತು, ಆದರೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. 1994ರಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರ ಸ್ಫೋಟಿಸುವ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮೇಲೆ 275 ಅಲಾರಂ ಸುರಿದವು. ಅದಾದ ಮೇಲೆ, 1999ರಲ್ಲಿ, ಬ್ರಿಟನ್ನಿನ ಇಇಎಂಯುಎ (ಕೈಗಾರಿಕಾ ಉಪಕರಣ ಬಳಕೆದಾರರ ಸಂಘ) ತನ್ನ 191ನೇ ಮಾರ್ಗದರ್ಶಿಯಲ್ಲಿ ಒಂದು ಅಳತೆ ಹೇಳಿತು: ಒಬ್ಬ ಆಪರೇಟರ್‌ಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದು ಅಲಾರಂ ಮೀರಬಾರದು.

ಗದ್ದಲದ ಸಮಸ್ಯೆ ಇದಾದರೆ ಮೌನದ್ದು ಇನ್ನೊಂದು. ನನ್ನ ಪ್ರಕಾರ ಇದೇ ಹೆಚ್ಚು ಅಪಾಯಕಾರಿ. 2003ರ ಆಗಸ್ಟ್ 14ರ ಮಧ್ಯಾಹ್ನ ಅಮೆರಿಕದ ಓಹಾಯೋದ ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ಅಲಾರಂ ತಂತ್ರಾಂಶ ಸದ್ದಿಲ್ಲದೆ ನಿಂತುಹೋಯಿತು. ಪರದೆ ಶಾಂತವಾಗಿದ್ದರಿಂದ ಆಪರೇಟರ್‌ಗಳೂ ಶಾಂತವಾಗಿದ್ದರು. ಲೈನುಗಳು ಒಂದಾದ ಮೇಲೊಂದು ಬೀಳತೊಡಗಿದರೂ, ಅಲಾರಂ ನಿಂತಿದೆ ಎಂದು ಒಂದು ಗಂಟೆಗೂ ಹೆಚ್ಚು ಹೊತ್ತು ಅವರಿಗೆ ಗೊತ್ತಾಗಲಿಲ್ಲ. ಕೊನೆಗೆ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು.

ಇಮೇಲ್ ಕಥೆಯೂ ಅದೇ ಜಾಡಿನದು. 1982ರ ಎಸ್‌ಎಂಟಿಪಿ ಎಂಬ ಮೇಲ್ ಸಾಗಣೆಯ ನಿಯಮಾವಳಿಯಲ್ಲಿ ಪಾಸ್‌ವರ್ಡ್ ಕೇಳುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಹಳೆಯ ಕಂಟ್ರೋಲರ್‌ಗಳಲ್ಲಿ ಸರ್ವರ್ ಹೆಸರು, ಪೋರ್ಟ್ 25 (ಮೇಲ್ ಹೋಗುವ ಬಾಗಿಲಿನ ಸಂಖ್ಯೆ), ಒಂದು ವಿಳಾಸ ತುಂಬಿದರೆ ಮುಗಿಯಿತು. ಸ್ಪ್ಯಾಮ್ ಹೆಚ್ಚಿದಂತೆ ಮೇಲ್ ಕಂಪನಿಗಳು ಬಾಗಿಲು ಬಿಗಿ ಮಾಡಿದವು. 2022ರ ಮೇ 30ರಿಂದ ಗೂಗಲ್ ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ಸಾಧನಗಳನ್ನು ತಡೆಯಿತು. ಎರಡು ಹಂತದ ಪರಿಶೀಲನೆ ಹಾಕಿ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಪಡೆಯಬೇಕಾಯಿತು. ಹೊಸ ಟಿಎಲ್‌ಎಸ್ (ಸಂದೇಶವನ್ನು ಗುಟ್ಟಾಗಿ ಸಾಗಿಸುವ ವಿಧಾನ) ಬಾರದ ಡಬ್ಬಿಗಳಿಗೆ ಆ ದಾರಿಯೂ ಇಲ್ಲ. ಅಲಾರಂ ಆಗುತ್ತದೆ, ಲಾಗ್‌ನಲ್ಲಿ ಬೀಳುತ್ತದೆ, ಮೇಲ್ ಮಾತ್ರ ಹೊರಡುವುದಿಲ್ಲ.

ಸೆಟ್ಟಿಂಗ್ ಮಾಡುವಾಗ ಇದೆಲ್ಲ ಹೇಗೆ ಎದುರಾಗುತ್ತದೆ? ಲಸಿಕೆ ಕೋಣೆಯನ್ನೇ ತಗೊಳ್ಳಿ. ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬರೀ 8 ಎಂದು ಮಿತಿ ಹಾಕಿಬಿಟ್ಟರೆ ನರ್ಸ್ ಬಾಗಿಲು ತೆಗೆದಾಗಲೆಲ್ಲ 8.1, 7.9, 8.1 ಎಂದು ಮೇಲ್ ಮೇಲೆ ಮೇಲ್. ಎರಡೇ ದಿನಕ್ಕೆ ಎಲ್ಲರೂ ಅದನ್ನು ಮ್ಯೂಟ್ ಮಾಡುತ್ತಾರೆ. ಹತ್ತು ನಿಮಿಷ ಸತತವಾಗಿ 8ರ ಮೇಲಿದ್ದರೆ ಅಲಾರಂ, 7.5ಕ್ಕೆ ಇಳಿದ ಮೇಲಷ್ಟೇ ಸಹಜ ಸ್ಥಿತಿ ಎಂದರೆ ಅರ್ಧ ಗದ್ದಲ ಅಲ್ಲಿಗೇ ನಿಲ್ಲುತ್ತದೆ. ಲಾಗ್‌ಗೆ ಎಲ್ಲವೂ ಹೋಗಲಿ: ಯಾವಾಗ ಶುರುವಾಯಿತು, ಎಷ್ಟಿತ್ತು, ಯಾರು ‘ನೋಡಿದೆ’ ಎಂದು ಗುರುತು ಹಾಕಿದರು, ಯಾವಾಗ ಸರಿಹೋಯಿತು. ಮೇಲ್ ಮಾತ್ರ ಯಾರಾದರೂ ಎದ್ದು ಹೋಗಬೇಕಾದ ಸಂಗತಿಗೆ. ಅದರ ವಿಷಯದ ಸಾಲಿನಲ್ಲಿ ‘ಎಐ 07 ಹೈ’ ಎಂದಿದ್ದರೆ ರಾತ್ರಿ ಪಾಳಿಯವನಿಗೆ ಏನು ತಿಳಿಯಬೇಕು? ‘ಲಸಿಕೆ ಕೋಣೆ 9.4 ಡಿಗ್ರಿ, ಮಿತಿ 8’ ಎಂದಿರಲಿ.

ಗಡಿಯಾರವನ್ನೂ ನೋಡಬೇಕು. ಸರ್ವರ್ ಯುಟಿಸಿಯಲ್ಲೇ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲೇ) ಉಳಿದಿದ್ದರೆ ನಸುಕಿನ 2:40ಕ್ಕೆ ಟ್ರಿಪ್ ಆದ ಪಂಪು ಲಾಗ್‌ನಲ್ಲಿ ಹಿಂದಿನ ದಿನ ರಾತ್ರಿ 9:10ಕ್ಕೆ ಬೀಳುತ್ತದೆ. ಆಮೇಲೆ ತಪ್ಪು ಪಾಳಿಯವನಿಗೆ ನೋಟಿಸು!

ಕರೆಂಟ್ ಹೋದಾಗಿನ ಅಲಾರಂ ಇನ್ನೂ ವಿಚಿತ್ರ. ಸರ್ವರ್‌ಗೆ ಯುಪಿಎಸ್ ಇರುತ್ತದೆ, ರೌಟರ್‌ಗೆ ಇರುವುದಿಲ್ಲ. ‘ಕರೆಂಟ್ ಹೋಯಿತು’ ಎಂಬ ಮೇಲ್ ಕರೆಂಟ್ ಬಂದ ಮೇಲೆ ತಲುಪುತ್ತದೆ. ರೌಟರ್‌ಗೂ ಯುಪಿಎಸ್ ಕೊಡಬೇಕು, ಸಿಮ್ ಹಾಕಿದ ಮೋಡೆಮ್‌ನಿಂದ ಎಸ್‌ಎಂಎಸ್ ಹೋಗುವ ಎರಡನೇ ದಾರಿ ಇಡಬೇಕು. ವಿಳಾಸಪಟ್ಟಿಯಲ್ಲಿ ವರ್ಗವಾಗಿ ಹೋದ ಇಂಜಿನಿಯರ್ ಹೆಸರಷ್ಟೇ ಉಳಿದಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ.

ಮೌನಕ್ಕೆ ಇರುವ ಮದ್ದು ಸರಳ. ದಿನಾ ಬೆಳಿಗ್ಗೆ ಎಂಟಕ್ಕೆ ಸರ್ವರ್ ‘ನಡೀತಾ ಇದ್ದೀನಿ’ ಎಂದು ಒಂದು ಮೇಲ್ ಕಳಿಸಬೇಕು, ಅದು ಬರದಿದ್ದರೆ ಫೋನ್ ಮಾಡುವ ಜವಾಬ್ದಾರಿ ಒಬ್ಬರ ಹೆಸರಿಗೆ ಬರೆದಿರಬೇಕು. ‘ಟೆಸ್ಟ್ ಮೇಲ್’ ಗುಂಡಿ ಒತ್ತಿ ನೋಡಿದರೆ ಸಾಲದು, ಅದು ಮೇಲ್ ಹೋಗುವ ದಾರಿಯನ್ನಷ್ಟೇ ನೋಡುತ್ತದೆ. ಸೆನ್ಸರನ್ನು ಹೊರಗೆ ತೆಗೆದು, ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ದಾವಣಗೆರೆಯ ಬಿಸಿಲಿಗೆ ಹಿಡಿದು, ಯಾರ ಫೋನು ಸದ್ದು ಮಾಡುತ್ತದೆ ಎಂದು ನೋಡಬೇಕು.