ಸೋಡಿಯಂ ಅಂದ್ರೂ ಉಪ್ಪೇ, ಮುತ್ಯಾ

ಬಿಪಿ ಇರುವವರಿಗೆ ಊಟದ ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ಕಲಬುರಗಿಯಲ್ಲಿ ಇದು ಅಷ್ಟೇನೂ ಕಷ್ಟವಲ್ಲ. ಜೋಳದ ರೊಟ್ಟಿಗೆ ಉಪ್ಪು ಹಾಕುವ ರೂಢಿ ಇಲ್ಲ. ಉಪ್ಪಿನಕಾಯಿ, ಹಪ್ಪಳ ಬಿಟ್ಟು, ಶೇಂಗಾ ಹಿಂಡಿಗೆ ಕೈ ಬಿಗಿ ಹಿಡಿದರೆ ಅರ್ಧ ಕೆಲಸ ಆದಂಗೆ. ಆದರೆ ಚೀಸ್ ವಿಷಯಕ್ಕೆ ಬಂದರೆ ಎಲ್ಲರೂ ಎಡವುತ್ತಾರೆ.

ಬೇಸಿಗೆಯಲ್ಲಿ ಆಳಂದ ಕಡೆಯ ಒಬ್ಬ ಮುತ್ಯಾ ಸೊಸೆ ಜೊತೆ ಬಂದಿದ್ದರು. ಮಾತ್ರೆ ತಪ್ಪಿಸಿಲ್ಲ, ಉಪ್ಪಿನಕಾಯಿ ಮುಟ್ಟಿಲ್ಲ, ಆದರೂ ಬಿಪಿ ಇಳಿದಿಲ್ಲ. ಕೇಳುತ್ತಾ ಹೋದೆ. ಹಲ್ಲಿಲ್ಲದ ಬಾಯಿಗೆ ಮೆತ್ತಗಿರಲಿ ಅಂತ ಮೊಮ್ಮಗನ ಡಬ್ಬಿಯ ತ್ರಿಕೋನ ಚೀಸ್, ದಿನಾ ನಾಲ್ಕು! "ಹಾಲಿಂದಲ್ಲೇನ್ರಿ ಮೇಡಂ, ಉಪ್ಪೇ ಹತ್ತಂಗಿಲ್ಲ" ಅಂದರು. ಸೊಸೆ ಡಬ್ಬಿ ತಿರುಗಿಸಿ ತೋರಿಸಿದರು. "ಸೋಡಿಯಂ ಅಂತ ಅದ. ಉಪ್ಪು ಅಂತ ಎಲ್ಲಿ ಬರ್ದಾರ?"

ದಯವಿಟ್ಟು ಇದೊಂದು ಕೇಳಿ. ಡಬ್ಬಿ ಮೇಲಿನ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತೆ. 100 ಗ್ರಾಂ ಚೀಸಿನಲ್ಲಿ 1000 ಮಿಲಿಗ್ರಾಂ ಸೋಡಿಯಂ ಅಂತ ಬರೆದಿದೆ ಅಂದುಕೊಳ್ಳಿ. ಅದು 1 ಗ್ರಾಂ ಉಪ್ಪಿಗಲ್ಲ, ಎರಡೂವರೆ ಗ್ರಾಂ ಉಪ್ಪಿಗೆ ಸಮ. 20 ಗ್ರಾಮಿನ ಒಂದು ತುಂಡಿಗೆ ಅರ್ಧ ಗ್ರಾಂ ಉಪ್ಪು. ನಾಲ್ಕು ತಿಂದರೆ 2 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಅನ್ನುತ್ತೆ. ಸಾರು, ಪಲ್ಯ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ನಾಲಿಗೆಯನ್ನು ನಂಬಬೇಡಿ. ಈ ಸೋಡಿಯಂ ಎಲ್ಲಾ ಅಡುಗೆ ಉಪ್ಪಿನಿಂದ ಬಂದದ್ದಲ್ಲ. ಡಬ್ಬಿಯ ಈ ಸಂಸ್ಕರಿಸಿದ ಚೀಸ್ ಮಾಡುವುದು ಚೀಸನ್ನು ಕರಗಿಸಿ. ಸುಮ್ನೆ ಕಾಯಿಸಿದರೆ ಎಣ್ಣೆ ಬೇರೆ, ಗಟ್ಟಿ ಬೇರೆ ಆಗುತ್ತೆ. ಸೋಡಿಯಂ ಸಿಟ್ರೇಟ್ ಅಥವಾ ಫಾಸ್ಫೇಟ್ ಹಾಕಿದರೆ ಒಂದಕ್ಕೊಂದು ಹೊಂದಿಕೊಂಡು ನುಣ್ಣಗಾಗುತ್ತೆ. 1911ರಲ್ಲಿ ಸ್ವಿಟ್ಜರ್ಲೆಂಡಿನವರು ಈ ದಾರಿ ಕಂಡುಕೊಂಡದ್ದೇ ಬಿಸಿಲಿನ ದೇಶಗಳಿಗೆ ಚೀಸ್ ಕಳಿಸಬೇಕು ಅಂತ. ಹತ್ತು ವರ್ಷದ ನಂತರ, 1921ರಲ್ಲಿ, ಫ್ರಾನ್ಸಿನ ಜುರಾ ಸೀಮೆಯ ಲಿಯೋನ್ ಬೆಲ್ 'ನಗುವ ಹಸು' ಹೆಸರು ನೋಂದಾಯಿಸಿದರು. ಕಿವಿಗೆ ಚೀಸ್ ಡಬ್ಬಿಯನ್ನೇ ಓಲೆ ಮಾಡಿಕೊಂಡ ಆ ಕೆಂಪು ಹಸು, ಲಾಫಿಂಗ್ ಕೌ, ಈಗ ನಮ್ಮ ದೇಶದಲ್ಲೂ ಸಿಗುತ್ತೆ. ನಾನು ಒಂದು ಬ್ರ್ಯಾಂಡನ್ನು ದೂರುತ್ತಿಲ್ಲ. ಯಾವ ಸಂಸ್ಕರಿಸಿದ ಚೀಸ್ ಆದರೂ ಹಿಂಬದಿಯ ಸೋಡಿಯಂ ಓದಿ, ಅಷ್ಟೇ. ಚೀಸಿನಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಇವೆ. ಬೆಳೆಯುವ ಮಗು ಆಗೊಂದು ಈಗೊಂದು ತಿಂದರೆ ನನ್ನದೇನೂ ತಕರಾರಿಲ್ಲ.

ಮುತ್ಯಾನ ಬಿಪಿಗೆ ಚೀಸೊಂದೇ ಕಾರಣ ಅಂತ ನಾನು ಹೇಳಲಾರೆ. ಅದನ್ನು ಅವರ ಡಾಕ್ಟರೇ ನೋಡಬೇಕು. ಕಿಡ್ನಿ ತೊಂದರೆ ಇರುವವರು 'ಲೋ ಸೋಡಿಯಂ' ಉಪ್ಪನ್ನು ತಾವಾಗಿ ಶುರು ಮಾಡಲೇಬಾರದು, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಉಪ್ಪಿಲ್ಲದ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ತಿನ್ನಿ ಅಂದೆ. ಮುತ್ಯಾ ಮುಖ ಸಣ್ಣದು ಮಾಡಿಕೊಂಡರು. "ವಾರಕ್ಕ ಒಂದರೆ ತಿನ್ಲೇನವ್ವಾ?" ಒಂದು ತಿನ್ನಿ, ಆ ದಿನ ಪಲ್ಯಕ್ಕೆ ಉಪ್ಪು ಇನ್ನೂ ಕಮ್ಮಿ ಇರಲಿ ಅಂದೆ. ಮುಂದಿನ ಸಲ ಬಂದಾಗ ಸೊಸೆಯ ಚೀಲದಲ್ಲಿ ಬಿಸ್ಕೀಟ್, ಸೇವು, ಸಾಸ್ ಪಾಕೀಟುಗಳು. ಎಲ್ಲದರ ಹಿಂದೆಯೂ ಮೊಮ್ಮಗ ಪೆನ್ನಲ್ಲಿ ಎರಡೂವರೆಯಿಂದ ಗುಣಿಸಿದ್ದ.