ಹತ್ತಿಯ ರಸ ಹೀರುವ ಕೀಟಗಳು ಇಷ್ಟೊಂದು ಜಾಸ್ತಿಯಾದದ್ದು ಹೇಗೆ?

ಅಂಚು ಹಳದಿಯಾಗಿ ಕೆಳಕ್ಕೆ ಮುದುರಿದ ಹತ್ತಿ ಎಲೆಯನ್ನು ಮಗುಚಿ ನೋಡಿ. ನರದ ಪಕ್ಕ ತಿಳಿಹಸಿರು ಮರಿಗಳು ಕೂತಿರುತ್ತವೆ. ಮುಟ್ಟಿದರೆ ಏಡಿಯ ಹಾಗೆ ಅಡ್ಡಡ್ಡ ಓಡುತ್ತವೆ. ಇವು ಜಿಗಿಹುಳು. ಸಸ್ಯಹೇನು, ಥ್ರಿಪ್ಸ್, ಬಿಳಿನೊಣ ಕೂಡ ಹೀಗೇ ರಸ ಹೀರುವ ಕಾಟ.

ಇವಕ್ಕೆ ಮೊದಲು ಸಿಕ್ಕ ಒಳ್ಳೆ ಉತ್ತರ ವಿಷವೇ ಅಲ್ಲ, ಕೂದಲು! 1920ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪಾರ್ನೆಲ್ ಎಂಬ ವಿಜ್ಞಾನಿ ಎಲೆ ತುಂಬ ರೋಮ ಇರುವ ತಳಿ ಆರಿಸಿದರು. ಜಿಗಿಹುಳು ಅದರ ಹತ್ತಿರ ಅಷ್ಟಾಗಿ ಸುಳಿಯಲಿಲ್ಲ. (ಬಿಳಿನೊಣಕ್ಕೆ ಮಾತ್ರ ರೋಮದ ಎಲೆ ಇಷ್ಟ, ಅದು ಬೇರೆ ತಲೆನೋವು.)

ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಬಂತು, ಆಮೇಲೆ ಡೈಮಿಥೋಯೇಟ್, ಮೊನೊಕ್ರೊಟೊಫಾಸ್ ಎಂಬ ಕೀಟನಾಶಕಗಳು. ಹೊಡೆದರೆ ಸಾಯುತ್ತಿದ್ದವು, ಅದಕ್ಕೇ ಎಲ್ಲರೂ ಹೊಡೆದರು. ಆದರೆ ಸುಡಾನಿನ ಹತ್ತಿ ಬೆಳೆಯುವ ಪ್ರದೇಶ ಗೆಜಿರಾದಲ್ಲಿ 1970ರ ದಶಕದಲ್ಲಿ ಬಿಳಿನೊಣ ವಿಪರೀತ ಹೆಚ್ಚಿತು, ಯಾಕಂದ್ರೆ ಅದನ್ನು ತಿನ್ನುವ ಹುಳಗಳೂ ಅದೇ ಔಷಧಿಗೆ ಸತ್ತಿದ್ದವು. ಬಿಳಿನೊಣ ಬಿಡುವ ಸಿಹಿ ಅಂಟು ಅರಳಿದ ಹತ್ತಿಗೆ ಮೆತ್ತಿಕೊಂಡು, ನೂಲಿನ ಗಿರಣಿಯ ಯಂತ್ರಗಳಿಗೂ ಅಂಟಿತು. 1980ರ ದಶಕದಲ್ಲಿ ಕಾಯಿಕೊರಕ ಹುಳುವಿಗೆಂದು ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕ ಸುರಿದ ಆಂಧ್ರದಲ್ಲೂ ಬಿಳಿನೊಣ ಕಾಡಿತು.

1990ರ ದಶಕದಲ್ಲಿ ಇಮಿಡಾಕ್ಲೋಪ್ರಿಡ್ (ಇಮಿಡಾ) ಎಂಬ ಕೀಟನಾಶಕ ಬಂತು. ಬೀಜಕ್ಕೆ ಲೇಪಿಸಿದರೆ ಸಾಕು, ಬೇರಿನಿಂದ ಎಲೆಗೇರಿ, ಮೊದಲ ಕೆಲವು ವಾರ ಸಸಿ ಕಾಯುತ್ತದೆ. ಭಾರತ 2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಹುಳು ಕೊಲ್ಲುವ ಗುಣವನ್ನು ಗಿಡದೊಳಗೇ ಸೇರಿಸಿದ ಕುಲಾಂತರಿ ಹತ್ತಿಗೆ, ಒಪ್ಪಿಗೆ ಕೊಟ್ಟಿತು. ಬಿಟಿ ಕೊಲ್ಲುವುದು ಕಾಯಿಕೊರಕವನ್ನು. ರಸ ಹೀರುವವಕ್ಕೆ ಏನೂ ಆಗುವುದಿಲ್ಲ. ಕಾಯಿಕೊರಕಕ್ಕೆ ಸಿಂಪಡಣೆ ಕಡಿಮೆಯಾದಾಗ, ಅದರ ಜೊತೆಗೇ ಸಾಯುತ್ತಿದ್ದ ಹೀರುಕೀಟಗಳೂ ಬದುಕಿಕೊಂಡವು. ಚೀನಾದಲ್ಲಿ ರಸ ಹೀರುವ ಮಿರಿಡ್ ತಿಗಣೆ ಹೆಚ್ಚಿದ್ದೂ ಹೀಗೇ. ನಮ್ಮಲ್ಲಿ ಹೊಸ ಹೈಬ್ರಿಡ್‌ಗಳಲ್ಲಿ ಎಷ್ಟೋ ಜಿಗಿಹುಳುವಿಗೆ ಬೇಗ ಬಲಿಯಾಗುವಂಥವು. ಮತ್ತೆ ಇಮಿಡಾ, ಮತ್ತೆ ಮತ್ತೆ ಇಮಿಡಾ. ಜಿಗಿಹುಳು ಅದಕ್ಕೆ ಒಗ್ಗಿಕೊಂಡಿತು. 2015ರಲ್ಲಿ ಪಂಜಾಬಿನಲ್ಲಿ ಬಿಳಿನೊಣ ಬೆಳೆ ಹಾಳುಮಾಡಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಔಷಧಿ ಹೊಡೆಯುತ್ತಿದ್ದವರೇ ವಿಷವೇರಿ ಸತ್ತರು.

ಇವತ್ತಿಗೂ ನಡೆಯುವ ದೊಡ್ಡ ತಪ್ಪು ಒಂದಿದೆ. ಇಮಿಡಾ ಕೆಲಸ ಮಾಡಲಿಲ್ಲ ಅಂತ ಥಯಾಮೆಥಾಕ್ಸಾಮ್, ಅದೂ ಆಗಲಿಲ್ಲ ಅಂತ ಅಸಿಟಾಮಿಪ್ರಿಡ್ ತರುತ್ತೇವೆ. ಬಾಟಲಿ ಬೇರೆ, ಡಬ್ಬಿ ಬೇರೆ, ಆದರೆ ಮೂರೂ ಕೀಟದ ನರದಲ್ಲಿ ಹೊಡೆಯುವ ಜಾಗ ಒಂದೇ. ಬದಲಿಸುವುದಾದರೆ ಫ್ಲೋನಿಕಾಮಿಡ್, ಡಯಾಫೆಂಥಿಯುರಾನ್‌ನಂಥ ಬೇರೆ ಗುಂಪಿನದನ್ನೇ ಕೇಳಬೇಕು, ಅದೂ ಎಲೆ ಮಗುಚಿ ಮರಿ ಎಣಿಸಿದ ಮೇಲೆ.